ಓದುಗರ ಪ್ರಶ್ನೆ: ಹದಿನೈದರ ಮೊಮ್ಮಗನಿಗೆ ಎಚ್‌ಐವಿ ವಿಷಯ ಹೇಳಬೇಕೇ?

ಪ್ರಶ್ನೆ: ನನ್ನ ಮೊಮ್ಮಗನಿಗೆ 15 ವರ್ಷ. ತಾಯಿಯಿಂದ ಹುಟ್ಟಿನಲ್ಲೇ ಎಚ್‌ಐವಿ ಬಂದಿದೆ. ಮಗಳು, ಅಳಿಯ ಇಬ್ಬರೂ ತೀರಿಕೊಂಡ ಮೇಲೆ ನಾನೇ ಸಾಕುತ್ತಿದ್ದೇನೆ. ರಕ್ತ ಕಡಿಮೆ ಇದೆಯೆಂದು ಹೇಳಿ ಮಾತ್ರೆ ಕೊಡುತ್ತಿದ್ದೆ. ಮೊನ್ನೆ ಅವನ ಜಾಮಿಟ್ರಿ ಬಾಕ್ಸಿನಲ್ಲಿ ನುಂಗದೆ ಬಚ್ಚಿಟ್ಟ ಮಾತ್ರೆಗಳು ಸಿಕ್ಕವು. ಕೇಳಿದರೆ ‘ನನಗೇನಾಗಿದೆ?’ ಎನ್ನುತ್ತಾನೆ. ನಿಜ ಹೇಳಲೇ? ಶಾಲೆಯವರಿಗೆ ಗೊತ್ತಾದರೆ ಹೊರಗೆ ಹಾಕುತ್ತಾರೆಂಬ ಭಯವೂ ಇದೆ.
– ಒಬ್ಬ ಅಜ್ಜಿ, ಬೆಂಗಳೂರು

ಉತ್ತರ: ಹೇಳಲೇಬೇಕು ಅಮ್ಮ, ಇನ್ನು ತಡಮಾಡಬೇಡಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಅವರ ಎಚ್‌ಐವಿ ಸ್ಥಿತಿಯನ್ನು ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸಲಹೆ ನೀಡಿದೆ. ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಅವನು ಈಗಾಗಲೇ ತಿಳಿದುಕೊಂಡಿರಬಹುದು; ನಿಮಗೆ ನೋವಾದೀತೆಂದು ಸುಮ್ಮನಿರಲೂಬಹುದು. ಚೆನ್ನಾಗಿ ಓಡಾಡಿಕೊಂಡಿರುವ ಹುಡುಗ ಮಾತ್ರೆ ಏಕೆಂದು ಕೇಳುವುದನ್ನು ಹಠವೆಂದು ತಿಳಿಯಬೇಡಿ.

ಮೊದಲು ಅವನನ್ನು ಎಆರ್‌ಟಿ ಕೇಂದ್ರಕ್ಕೆ (ಎಚ್‌ಐವಿಗೆ ಔಷಧಿ ಕೊಡುವ ಚಿಕಿತ್ಸಾ ಕೇಂದ್ರ) ಕರೆದುಕೊಂಡು ಹೋಗಿ, ಮಾತ್ರೆ ತಪ್ಪಿರುವುದನ್ನು ಮುಚ್ಚಿಡದೆ ತಿಳಿಸಿ. ಈ ಔಷಧಿ ವೈರಾಣುವನ್ನು ದೇಹದಿಂದ ಪೂರ್ತಿ ಹೊರಹಾಕುವುದಿಲ್ಲ, ಹೆಚ್ಚದಂತೆ ತಡೆದಿಡುತ್ತದೆ. ಆದ್ದರಿಂದ ಮೇಲಿಂದ ಮೇಲೆ ತಪ್ಪಿಸಿದರೆ ವೈರಾಣು ಮತ್ತೆ ಹೆಚ್ಚುವುದಲ್ಲದೆ, ಆ ಔಷಧಿಗೇ ಜಗ್ಗದಂತಾಗುವ ಅಪಾಯವಿದೆ. ಎಷ್ಟು ಹೆಚ್ಚಿದೆಯೆಂಬುದು ವೈರಲ್ ಲೋಡ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಬೌರಿಂಗ್, ವಿಕ್ಟೋರಿಯಾದಂತಹ ಸರ್ಕಾರಿ ಆಸ್ಪತ್ರೆಗಳ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿಯೂ ಆಪ್ತಸಮಾಲೋಚನೆಯೂ ಉಚಿತ.

ವಿಷಯ ತಿಳಿಸುವಾಗ ಆಪ್ತಸಮಾಲೋಚಕರು ಜೊತೆಗಿರಲಿ, ಆದರೆ ಮೊದಲ ಮಾತು ನಿಮ್ಮ ಬಾಯಿಂದಲೇ ಬರಲಿ. ಇದು ಹುಟ್ಟಿನಿಂದ ಬಂದದ್ದು, ಇದರಲ್ಲಿ ಅವನ ತಪ್ಪೂ ಇಲ್ಲ, ಅವನ ತಾಯಿಯ ತಪ್ಪೂ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ. ‘ನಾನು ಸತ್ತುಹೋಗುತ್ತೇನಾ, ಮದುವೆ ಆಗಬಹುದಾ’ ಎಂದು ಅವನು ಕೇಳಿಯೇ ಕೇಳುತ್ತಾನೆ. ದಿನವೂ ಮಾತ್ರೆ ತೆಗೆದುಕೊಂಡು ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ದೀರ್ಘಕಾಲ ಆರೋಗ್ಯವಾಗಿ ಬದುಕಬಹುದು. ಹಾಗೆ ಇಳಿದೇ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಅದು ಹರಡುವುದಿಲ್ಲ. ಪ್ರೀತಿ, ಮದುವೆಗಳ ಕನಸು ಚಿಗುರುವ ವಯಸ್ಸಿನಲ್ಲಿ ಅವನಿಗೆ ಈ ಮಾತು ಬಹಳ ಮುಖ್ಯ, ಹಿರಿಯರೆಂಬ ಸಂಕೋಚದಿಂದ ಅದನ್ನು ಬಿಟ್ಟುಬಿಡಬೇಡಿ. ಕೆಲವು ದಿನ ಅವನು ಸಿಟ್ಟು ಮಾಡಿಕೊಳ್ಳಬಹುದು, ನಿಮ್ಮೊಡನೆ ಮಾತು ಬಿಡಬಹುದು. ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಬೈದರೂ ಬೈಯಲಿ. ಊಟ, ನಿದ್ರೆ ಬಿಟ್ಟು ಮಂಕಾಗಿಯೇ ಉಳಿದರೆ, ಸಾಯುವ ಮಾತಾಡಿದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಿ.

ಶಾಲೆಗೆ ತಿಳಿಸಲೇಬೇಕೆಂಬ ನಿಯಮವಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಈ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಹಾಕುವುದಾಗಲಿ, ಬೇರೆ ಕೂರಿಸುವುದಾಗಲಿ ಕಾನೂನುಬಾಹಿರ. ಒಟ್ಟಿಗೆ ಕೂತರೆ, ಡಬ್ಬಿ ಹಂಚಿಕೊಂಡು ಉಂಡರೆ ಎಚ್‌ಐವಿ ಬರುವುದೂ ಇಲ್ಲ. ಯಾವ ಗೆಳೆಯನಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಅವನೊಡನೆ ಕೂತು ನಿಧಾನವಾಗಿ ಯೋಚಿಸಿ. ಅಲ್ಲಿಯವರೆಗೆ ನಿಮಗೇ ಯಾರೊಡನಾದರೂ ಮಾತಾಡಬೇಕೆನಿಸಿದರೆ 1097ಕ್ಕೆ ಕರೆಮಾಡಿ, ಅದು ಉಚಿತ ಸಹಾಯವಾಣಿ.