ಮೀಟರ್ ಹಿಡಿಯಲು ನಾಚಿದ ಮೆಕ್ಯಾನಿಕ್

ಕೆಲಸ ಚೆನ್ನಾಗಿ ಬರುತ್ತದೆ, ಆದರೆ ಯಾರಾದರೂ ನೋಡುತ್ತಾ ನಿಂತರೆ ಕೈ ಓಡುವುದಿಲ್ಲ. ಹೀಗೆ ಹೇಳಿಕೊಂಡು ನನ್ನ ಬಳಿ ಆಪ್ತಸಲಹೆಗೆ ಬರುವವರು ಜಾಸ್ತಿ. ಅವರಲ್ಲೊಬ್ಬ ಯುವ ಮೆಕ್ಯಾನಿಕ್‌ನ ಪ್ರಕರಣ ಇದು. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಒಂದು ಕಾರಿನ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0351 ಬಂತು, ಅಂದರೆ ಕಿಡಿ ಹುಟ್ಟಿಸುವ ಒಂದನೇ ಇಗ್ನಿಷನ್ ಕಾಯಿಲ್ ಅಥವಾ ಅದರ ವೈರಿಂಗ್‌ನಲ್ಲಿ ದೋಷ ಎನ್ನುವ ಕೋಡ್. ಇವರು ಇಗ್ನಿಷನ್ ಕಾಯಿಲ್ ಬದಲಿಸಿದರು. ಮತ್ತೆ ಅದೇ ಕೋಡ್. ಇನ್ನೊಂದು ಹೊಸದು ಹಾಕಿದರು, ಆಗಲೂ ಅದೇ. ಕೊನೆಗೆ ಬೇರೆ ಗ್ಯಾರೇಜಿನಲ್ಲಿ ಸಿಕ್ಕಿದ್ದು ಉಜ್ಜಿ ಉಜ್ಜಿ ಸವೆದ ವೈರ್. ಕಾರಿನವರು ಬಂದು ಎಲ್ಲರ ಮುಂದೆ ಕಳ್ಳ ಎಂದರು. ಅಂದಿನಿಂದ ಇವರಿಗೆ ನಿದ್ದೆ ಇಲ್ಲ.

"ನಂಗೆ ಕೆಲಸ ಬರಲ್ಲ ಮೇಡಂ, ಬಿಟ್ಬಿಡ್ತೀನಿ" ಎನ್ನುತ್ತಿದ್ದರು. ನಾನು ಸಮಾಧಾನ ಹೇಳಲಿಲ್ಲ. ಕಾಗದ, ಪೆನ್ನು ಕೊಟ್ಟು, "ಆ ಕಾಯಿಲ್ ಹೇಗೆ ಕೆಲಸ ಮಾಡುತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳಿ" ಎಂದೆ.

ಚಿತ್ರ ಬಿಡಿಸುತ್ತಾ ಹೋದರು. ಒಂದು ವೈರ್‌ನಲ್ಲಿ ಕಾಯಿಲ್‌ಗೆ ಬ್ಯಾಟರಿಯ 12 ವೋಲ್ಟ್ ಬರುತ್ತದೆ. ಇನ್ನೊಂದು ಕಡೆಯಿಂದ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದನ್ನು ಆನ್-ಆಫ್ ಮಾಡುತ್ತದೆ. ಆಫ್ ಆದ ಕ್ಷಣ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕಾಯಿಲ್ ಸುಟ್ಟರೂ, ವೈರ್ ತುಂಡಾದರೂ, ಕನೆಕ್ಟರ್ ಪಿನ್ ಸಡಿಲವಾದರೂ ಬರುವುದು ಅದೇ ಕೋಡ್. ಹಾಗಾಗಿ ಮೊದಲು ಒಂದನೇ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿ ನೋಡಬೇಕು. ಕೋಡ್ ಪಿ0352 ಆದರೆ, ಅಂದರೆ ದೋಷ ಎರಡನೇ ಜಾಗಕ್ಕೆ ಹೋದರೆ, ಕಾಯಿಲ್ ಕೆಟ್ಟಿದೆ. ಪಿ0351 ಆಗಿಯೇ ಉಳಿದರೆ ವೈರಿಂಗ್ ನೋಡಬೇಕು. ವೋಲ್ಟ್ ಅಳೆಯುವ ಮೀಟರ್ 12 ವೋಲ್ಟ್ ತೋರಿಸಿತು ಅಂತ ಬಿಡಬಾರದು. ವೈರಿನ ಒಂದೇ ಎಳೆ ಉಳಿದಿದ್ದರೂ ಅದು ಅಷ್ಟೇ ತೋರಿಸುತ್ತದೆ. ಅದೇ ವೈರ್‌ನಿಂದ ಹೆಡ್‌ಲೈಟ್ ಬಲ್ಬ್ ಉರಿಸಿದರೆ ಬೆಳಕು ಮಂಕಾಗಿ ಬಂಡವಾಳ ಬಯಲಾಗುತ್ತದೆ. "ಆದ್ರೆ ಬಲ್ಬನ್ನ ಇಸಿಯು ಕಡೆ ವೈರಿಗೆ ಕೊಡ್ಬಾರ್ದು ಮೇಡಂ, ಇಸಿಯು ಹೋಗ್ಬಿಡುತ್ತೆ" ಎಂದು ನನಗೆ ಎಚ್ಚರಿಕೆ ಬೇರೆ ಕೊಟ್ಟರು.

"ಇಷ್ಟೆಲ್ಲ ಗೊತ್ತಿದ್ದೂ ಆವತ್ತು ಯಾಕೆ ಮಾಡಲಿಲ್ಲ?"

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅವರು ಪಕ್ಕದಲ್ಲೇ ನಿಂತಿದ್ರು. ಮೀಟರ್ ಹಿಡಿದ್ರೆ ಇವನಿಗೆ ಗೊತ್ತಿಲ್ಲ, ಸುಮ್ನೆ ಹುಡುಕ್ತಾ ಇದ್ದಾನೆ ಅಂದ್ಕೊಳ್ತಾರೆ ಅನ್ನಿಸ್ತು."

ಅವರಿಗೆ ಕೊರತೆಯಿದ್ದದ್ದು ತಿಳಿವಳಿಕೆಯಲ್ಲಿ ಅಲ್ಲ. ಹುಡುಕುವುದು ಬೇರೆಯವರ ಕಣ್ಣಿಗೆ ಬಿದ್ದರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಅದು. ಕಾರಿನವರು ನಿಂತಿರುವಾಗಲೇ ಮೀಟರ್ ಹಿಡಿಯಿರಿ, ಏನು ನೋಡುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ, ಪರೀಕ್ಷೆಯ ಕೂಲಿಯನ್ನು ಬಿಲ್‌ನಲ್ಲಿ ಬೇರೆಯಾಗಿ ಬರೆಯಿರಿ ಎಂದೆ. ಬೇಡದೆ ಹಾಕಿದ ಕಾಯಿಲ್‌ಗಳ ಹಣ ವಾಪಸ್ ಕೊಡಿ ಎಂದೂ ಹೇಳಿದೆ.

ಈ ಕೊನೆಯ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ಮೊದಲೇ ಕುಗ್ಗಿದವರಿಗೆ ದಂಡ ಹಾಕಿದಂತೆ ಅಲ್ವಾ ಎಂದರು. ನನಗೆ ಹಾಗನ್ನಿಸುವುದಿಲ್ಲ. ಅವರ ಅಳುಕಿನಲ್ಲಿ ಸ್ವಲ್ಪ ಭಾಗ ನಿಜವಾದ ಸಾಲ. ಉಸಿರಾಟದ ಅಭ್ಯಾಸದಿಂದ ಅದು ತೀರುವುದಿಲ್ಲ.

ಹಣ ಕೊಟ್ಟರು. ಆ ಕಾರಿನವರು ಮತ್ತೆ ಬರಲಿಲ್ಲ. ಈಗ ನಿದ್ದೆ ಬರುತ್ತಿದೆ. ಯಾರಾದರೂ ಪಕ್ಕದಲ್ಲಿ ನಿಂತರೆ ಇನ್ನೂ ಎದೆ ಹೊಡೆದುಕೊಳ್ಳುತ್ತದಂತೆ, ಅದಕ್ಕಾಗಿ ಭೇಟಿ ಮುಂದುವರಿಸಿದ್ದೇವೆ.