ಪಾರ್ಕಿನ್ಸನ್ ರಿಸರ್ಚ್‌ಗೆ ದುಡ್ಡು ಎಲ್ಲಿಂದ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಲಿ ಪಾರ್ಕಿನ್ಸನ್ ಕಾಯಿಲೆ (ಮಿದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸೋ ಕೋಶಗಳು ಸಾಯ್ತಾ ಬಂದು ನಡುಕ, ಬಿಗಿತ ಬರೋ ಕಾಯಿಲೆ) ಬಗ್ಗೆ ಬರೆದಾಗ ರೋಗಿಗಳ ಮನೆಯವರು ಬರೀತಾರೆ ಅನ್ಕೊಂಡಿದ್ದೆ, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲ್ಯಾಬ್‌ನಲ್ಲಿ ಕೂತಿರೋ ಹುಡುಗ ಹುಡುಗೀರದ್ದು. ಎಲ್ಲರದ್ದೂ ಒಂದೇ ರಾಗ, ದುಡ್ಡು. ಹಾಗಾಗಿ ಈ ಸಲ ಅದೇ.

ಪ್ರಶ್ನೆ: ಮೇಡಂ, ಈಗಷ್ಟೇ ಪಿಎಚ್‌ಡಿ ಮುಗಿಸಿದೀನಿ, ಡೋಪಮಿನ್ ನರಕೋಶಗಳ ಮೈಟೋಕಾಂಡ್ರಿಯಾ ಮೇಲೆ ಕೆಲಸ. ಪಾರ್ಕಿನ್ಸನ್‌ಗೆ ಅಂತಾನೇ ಯುವ ವಿಜ್ಞಾನಿಗಳಿಗೆ ನಮ್ಮ ದೇಶದಲ್ಲಿ ಯಾವ ಫಂಡ್ ಇದೆ?
— ಆರ್., ಯಲಹಂಕ

ಉತ್ತರ: ರೋಗದ ಹೆಸರಿಟ್ಕೊಂಡು ಹುಡುಕಬೇಡಿ, ನಿರಾಸೆ ಆಗತ್ತೆ. ಅಮೆರಿಕ, ಬ್ರಿಟನ್‌ನಲ್ಲಿ ಪಾರ್ಕಿನ್ಸನ್ ಹೆಸರಿನ ಸಂಸ್ಥೆಗಳೇ ದಾನಿಗಳಿಂದ ದುಡ್ಡು ಎತ್ತಿ ಕಿರಿಯರಿಗೆ ಕೊಡ್ತವೆ. ನಮ್ಮಲ್ಲಿ ಸರ್ಕಾರದ ದೊಡ್ಡ ಯೋಜನೆಗಳೆಲ್ಲ ಇರೋದು ನೀವು ವೃತ್ತಿಯ ಯಾವ ಹಂತದಲ್ಲಿದೀರಿ ಅನ್ನೋದರ ಮೇಲೆ, ಕಾಯಿಲೆ ಯಾವುದು ಅನ್ನೋದನ್ನ ನೀವು ಒಳಗೆ ತುಂಬಬೇಕು. ಅದಕ್ಕೇ ಮೊದಲು ನೋಡಬೇಕಾದ್ದು ನಿಮ್ಮ ಹುಟ್ಟಿದ ತಾರೀಖು ಮತ್ತೆ ಪಿಎಚ್‌ಡಿ ಸರ್ಟಿಫಿಕೇಟ್ ಮೇಲಿನ ತಾರೀಖು, ಪ್ರೊಪೋಸಲ್ ಆಮೇಲೆ. ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ (ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸಕ್ಕೆ) 2 ವರ್ಷದ್ದು, ವಯಸ್ಸು 35 ದಾಟಿರಬಾರದು. ಇನ್‌ಸ್ಪೈರ್ ಫ್ಯಾಕಲ್ಟಿ 5 ವರ್ಷದ್ದು, ಸಂಬಳದ ಜೊತೆ ವರ್ಷಕ್ಕೆ 7 ಲಕ್ಷ ರಿಸರ್ಚ್ ಖರ್ಚಿಗೆ, ಆದ್ರೆ ಸಾಮಾನ್ಯ ವರ್ಗಕ್ಕೆ 32ಕ್ಕೇ ಬಾಗಿಲು ಮುಚ್ಚತ್ತೆ. ಮಹಿಳೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ ಸಡಿಲಿಕೆ ಇರತ್ತೆ, ಎಷ್ಟು ಅಂತ ಆ ವರ್ಷದ ಪ್ರಕಟಣೆಲಿ ನೋಡ್ಕೊಳ್ಳಿ, ಸೀನಿಯರ್ ಹೇಳಿದ್ದನ್ನ ನಂಬಬೇಡಿ, ಅವರ ಕಾಲದ ನಿಯಮ ಬೇರೆ ಇತ್ತು.

ಇನ್ನು ಹೈದರಾಬಾದ್‌ನಲ್ಲಿ ಆಫೀಸಿರೋ ಇಂಡಿಯಾ ಅಲಯನ್ಸ್. 2008ರಿಂದ ನಡೀತಿದೆ, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಮತ್ತೆ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ದುಡ್ಡು ಹಾಕ್ತವೆ. 2025ರ ಅಕ್ಟೋಬರ್‌ನಲ್ಲಿ ಕ್ಯಾಬಿನೆಟ್ ಇದರ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ, ಒಟ್ಟು 1500 ಕೋಟಿ, ಅದರಲ್ಲಿ 1000 ಕೋಟಿ ನಮ್ಮ ಸರ್ಕಾರದ್ದು, 500 ಕೋಟಿ ಅವರದ್ದು. ಅರ್ಲಿ ಕರಿಯರ್ ಫೆಲೋಶಿಪ್ ಇದರಲ್ಲೂ ಇದೆ. ನಿಮ್ಮಂಥವರು ಮೊದಲು ಕಣ್ಣು ಹಾಕಬೇಕಾದ್ದು ಇದರ ಮೇಲೆ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಇಲ್ಲಿ ಇಂಟರ್‌ವ್ಯೂನಲ್ಲಿ ನಿಜವಾಗ್ಲೂ ವಿಜ್ಞಾನದ ಪ್ರಶ್ನೆ ಕೇಳ್ತಾರೆ.

ಒಂದು ಗುಂಡಿ ಇದೆ, ಹೇಳ್ಬಿಡ್ತೀನಿ. ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ನಿನ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ಗ್ರಾಂಟ್ 3 ವರ್ಷಕ್ಕೆ 60 ಲಕ್ಷದವರೆಗೆ ಅಂತ ಕೇಳಿ ಎಲ್ಲರೂ ಓಡ್ತಾರೆ, ಆದ್ರೆ ಅದಕ್ಕೆ ಕಾಯಂ ಹುದ್ದೆ ಇರಬೇಕು. ಪೋಸ್ಟ್‌ಡಾಕ್ ಮುಗಿದು ಕೆಲಸ ಸಿಗೋ ತನಕದ ಆ ಮಧ್ಯದ ಅವಧಿಲಿ ಅತ್ತ ಫೆಲೋಶಿಪ್‌ಗೆ ವಯಸ್ಸು ಮೀರಿ, ಇತ್ತ ಗ್ರಾಂಟ್‌ಗೆ ಹುದ್ದೆ ಇಲ್ಲದೆ ಒಳ್ಳೊಳ್ಳೆ ಹುಡುಗ್ರು ಸಿಕ್ಕಿಹಾಕ್ಕೊಳ್ತಾರೆ.

ಪ್ರಶ್ನೆ: ನಾನು ಶಿವಮೊಗ್ಗ ಕಡೆಯ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ನಸುಗುನ್ನಿ ಕಾಯಿಂದ ಪಾರ್ಕಿನ್ಸನ್‌ಗೆ ಔಷಧಿ ಅಂತ ಪ್ರೊಪೋಸಲ್ ಬರೆದಿದ್ದೆ. ಇಲಿಗೆ ರೋಟೆನೋನ್ (ಡೋಪಮಿನ್ ಕೋಶ ಹಾಳುಮಾಡೋ ಕೀಟನಾಶಕ) ಕೊಟ್ಟು, ಬೀಜದ ಸಾರ ಕೊಟ್ಟು, ರಕ್ಷಣೆ ಆಗತ್ತಾ ಅಂತ ನೋಡೋದು. ರಿಜೆಕ್ಟ್ ಆಯ್ತು. ನಮ್ಮ ನೆಲದ ಜ್ಞಾನಕ್ಕೆ ಬೆಲೆ ಇಲ್ವಾ?
— ಹೆಸರು ಬೇಡ

ಉತ್ತರ: ಬೆಲೆ ಇದೆ, ಸಿಟ್ಟಾಗ್ಬೇಡಿ, ಆದ್ರೆ ನಾನು ಆ ಕಮಿಟಿಲಿ ಇದ್ದಿದ್ರೂ ಹಾಗೇ ಮಾಡ್ತಿದ್ದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಇಂಥ ಪ್ರೊಪೋಸಲ್ ಬರೆಯೋರು ನೀವೊಬ್ರೇ ಅಲ್ಲ.

ನಸುಗುನ್ನಿ ಬೀಜದಲ್ಲಿ ಲೆವೊಡೋಪ (ಮಿದುಳಲ್ಲಿ ಡೋಪಮಿನ್ ಆಗೋ, ಪಾರ್ಕಿನ್ಸನ್‌ಗೆ ಕೊಡೋ ಮುಖ್ಯ ಔಷಧಿ) ಇದೆ ಅಂತ ನಮ್ಮವರೇ, ದಾಮೋದರನ್ ಮತ್ತೆ ರಾಮಸ್ವಾಮಿ, 1937ರಲ್ಲೇ ಬೀಜದಿಂದ ಬೇರ್ಪಡಿಸಿ ಪ್ರಕಟಿಸಿದಾರೆ. ಆಗಿನ್ನೂ ಪಾರ್ಕಿನ್ಸನ್‌ಗೂ ಡೋಪಮಿನ್‌ಗೂ ಸಂಬಂಧ ಇದೆ ಅಂತ್ಲೇ ಯಾರಿಗೂ ಗೊತ್ತಿರ್ಲಿಲ್ಲ. 2004ರಲ್ಲಿ ಲಂಡನ್‌ನಲ್ಲಿ 8 ರೋಗಿಗಳ ಮೇಲೆ ಬೀಜದ ಪುಡಿ ಪರೀಕ್ಷೆ ಮಾಡಿ, ಮಾತ್ರೆಗಿಂತ ಬೇಗ ಕೆಲಸ ಶುರು ಮಾಡತ್ತೆ ಅಂತಾನೂ ಕಂಡ್ಕೊಂಡ್ರು. ಅಂದ್ರೆ "ಇದರಲ್ಲಿ ಔಷಧಿ ಇದೆ" ಅನ್ನೋದು ಹೊಸ ವಿಷ್ಯ ಅಲ್ಲ.

ಎರಡನೇದು ಇಲಿ. ರೋಟೆನೋನ್ ಕೊಡೋಕೆ ಮುಂಚೆ ಅಥವಾ ಜೊತೆಜೊತೆಗೇ ಸಾರ ಕೊಟ್ರೆ ಏನೋ ಒಂದು ಉಳಿದೇ ಉಳಿಯತ್ತೆ, ಗ್ರಾಫ್ ಚೆನ್ನಾಗಿ ಬರತ್ತೆ. ಆದ್ರೆ ರೋಗಿ ಡಾಕ್ಟರ್ ಹತ್ರ ಬರೋ ಹೊತ್ತಿಗೆ ಚಲನೆ ನಿಯಂತ್ರಿಸೋ ಮಿದುಳಿನ ಭಾಗದ ಡೋಪಮಿನ್ ಕೋಶಗಳಲ್ಲಿ ದೊಡ್ಡ ಪಾಲು ಆಗ್ಲೇ ಹೋಗಿರತ್ತೆ. ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ ಕೋಎನ್‌ಜೈಮ್ ಕ್ಯೂ10, ಕ್ರಿಯಾಟಿನ್ ಎರಡೂ ದೊಡ್ಡ ಟ್ರಯಲ್‌ನಲ್ಲಿ ಬಿದ್ದುಹೋದವು, ಫಲಿತಾಂಶ ಬಂದಿದ್ದು 2014 ಮತ್ತೆ 2015ರಲ್ಲಿ, 2021ರಲ್ಲಿ ಇನೋಸಿನ್ ಕತೆನೂ ಅದೇ ಆಯ್ತು. ಇದನ್ನೆಲ್ಲ ಓದಿರೋ ರಿವ್ಯೂವರ್ ಮುಂದೆ ಇನ್ನೊಂದು ಗಿಡ, ಇನ್ನೊಂದು ಇಲಿ ಇಟ್ರೆ ಅವರು ಮೂರನೇ ಪುಟಕ್ಕೆ ಹೋಗೋದೇ ಇಲ್ಲ.

ಹಾಗಾದ್ರೆ ಏನ್ ಮಾಡೋದು? ನಸುಗುನ್ನಿ ಬಿಡಬೇಕಾಗಿಲ್ಲ. ಮಲೆನಾಡಿನ ಕಾಡಲ್ಲಿ ಸಿಗೋ ತಳಿ ತಳಿಗೂ ಬೀಜದಲ್ಲಿರೋ ಲೆವೊಡೋಪ ಎಷ್ಟು ವ್ಯತ್ಯಾಸ ಆಗತ್ತೆ, ಹುರಿದ್ರೆ ಬೇಯಿಸಿದ್ರೆ ಎಷ್ಟು ಉಳಿಯತ್ತೆ, ಅಂಗಡಿಲಿ ಮಾರೋ ಪುಡಿ ಡಬ್ಬಿಗಳಲ್ಲಿ ಲೇಬಲ್ ಮೇಲಿರೋದಕ್ಕೂ ಒಳಗಿರೋದಕ್ಕೂ ತಾಳೆ ಆಗತ್ತಾ, ಇವೆಲ್ಲ ನಿಮ್ಮ ಕಾಲೇಜಲ್ಲೇ, ಒಂದು ಎಚ್‌ಪಿಎಲ್‌ಸಿ ಮಿಷನ್ (ಯಾವ ರಾಸಾಯನಿಕ ಎಷ್ಟಿದೆ ಅಂತ ಅಳೆಯೋದು) ಎಲ್ಲಾದ್ರೂ ಬಾಡಿಗೆಗೆ ಸಿಕ್ಕಿದ್ರೆ ಮಾಡಬಹುದಾದ ಕೆಲಸ, ಅದೂ ಡಾಕ್ಟರ್‌ಗಳಿಗೆ ನಿಜಕ್ಕೂ ಬೇಕಾದ ಉತ್ತರ, ಯಾಕಂದ್ರೆ ರೋಗಿಗಳು ಹೇಳ್ದೇ ಕೇಳ್ದೇ ಮಾತ್ರೆ ಜೊತೆ ಆ ಪುಡಿನೂ ತಗೊಂಡು ಡೋಸ್ ಏರುಪೇರು ಮಾಡ್ಕೊಳ್ತಾರೆ. (ಓದುಗರೇ, ದಯವಿಟ್ಟು ನೀವು ಹಾಗೆ ಮಾಡ್ಬೇಡಿ.) ಇಷ್ಟು ಸಣ್ಣ ಕೆಲಸಕ್ಕೆ ದಿಲ್ಲಿ ಬೇಡ, ನಮ್ಮ ರಾಜ್ಯದ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿಯವರು ಯುವ ವಿಜ್ಞಾನಿಗಳಿಗೆ ಬೀಜಧನ ಅಂತ ಕೊಡೋ ಯೋಜನೆ ನಡೆಸ್ಕೊಂಡು ಬಂದಿದಾರೆ, ಈಗ ಅರ್ಜಿ ಕರೆದಿದಾರಾ ವಿಚಾರಿಸಿ.

ರೋಟೆನೋನ್ ಮೇಲೇ ಆಸೆ ಇದ್ರೆ ಅದನ್ನ ಇಲಿಯಿಂದ ಹೊಲಕ್ಕೆ ತನ್ನಿ. ಅಮೆರಿಕದಲ್ಲಿ ಕೀಟನಾಶಕ ಹೊಡೆಯೋರ ಮೇಲೆ ಮಾಡಿ 2011ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ರೋಟೆನೋನ್ ಅಥವಾ ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಬಳಸಿದೋರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಯುರೋಪಲ್ಲಿ 2007ರಲ್ಲೇ ನಿಂತುಹೋದ ಪ್ಯಾರಾಕ್ವಾಟ್ ನಮ್ಮ ಹೊಲಗಳಲ್ಲಿ ಇನ್ನೂ ಬಳಕೆಲಿದೆ. ಹತ್ತಿರದ ಮೆಡಿಕಲ್ ಕಾಲೇಜಿನ ನ್ಯೂರಾಲಜಿಸ್ಟ್ ಒಬ್ಬರನ್ನ ಜೊತೆಗೆ ಹಾಕ್ಕೊಳ್ಳಿ, ಈ ಪ್ರಶ್ನೆ ಬಾಸ್ಟನ್ನಿನವರು ಕೂತಲ್ಲೇ ಕೇಳೋಕಾಗಲ್ಲ, ನೀವು ಕೇಳಬಹುದು.

ಪ್ರಶ್ನೆ: "ಪ್ರಿಲಿಮಿನರಿ ಡೇಟಾ ಇಲ್ಲ" ಅಂತ ನನ್ನ ಅರ್ಜಿ ವಾಪಸ್ ಬಂದಿದೆ. ದುಡ್ಡೇ ಇಲ್ದೆ ಡೇಟಾ ಎಲ್ಲಿಂದ ತರ್ಲಿ?
— ಎಸ್., ಮಂಗಳೂರು

ಉತ್ತರ: ನ್ಯಾಯವಾದ ಸಿಟ್ಟು. ಆದ್ರೆ ಪಾರ್ಕಿನ್ಸನ್ ಕ್ಷೇತ್ರದಲ್ಲಿ ಬೇರೆ ಕಡೆ ಇಲ್ಲದ ಒಂದು ಅನುಕೂಲ ಇದೆ, ಪುಕ್ಕಟೆ ಡೇಟಾ. ಮೈಕಲ್ ಜೆ ಫಾಕ್ಸ್ ಫೌಂಡೇಶನ್ 2010ರಲ್ಲಿ ಶುರು ಮಾಡಿದ ಪಿಪಿಎಂಐ ಅನ್ನೋ ಅಧ್ಯಯನದಲ್ಲಿ ರೋಗಿಗಳ ಸ್ಕ್ಯಾನ್, ರಕ್ತ, ಬೆನ್ನುಹುರಿ ದ್ರವ, ಜೀನ್ ಮಾಹಿತಿ ವರ್ಷಗಟ್ಟಲೆ ಕೂಡಿಟ್ಟಿದಾರೆ, ಅರ್ಜಿ ಹಾಕಿ ನಿಯಮ ಒಪ್ಪಿಕೊಂಡ್ರೆ ಮಂಗಳೂರಲ್ಲಿ ಕೂತೋರಿಗೂ ಕೊಡ್ತಾರೆ. ಬೆನ್ನುಹುರಿ ದ್ರವದಲ್ಲಿ ಪಾರ್ಕಿನ್ಸನ್‌ನ ಗುರುತಾದ, ತಪ್ಪಾಗಿ ಮಡಚಿಕೊಂಡ ಆಲ್ಫಾ ಸಿನುಕ್ಲೀನ್ ಪ್ರೋಟೀನ್ ಪತ್ತೆ ಮಾಡೋ ಟೆಸ್ಟ್ ಬಗ್ಗೆ 2023ರಲ್ಲಿ ಅಷ್ಟೊಂದು ಸದ್ದು ಆಯ್ತಲ್ಲ, ಆ 1,123 ಜನರ ಫಲಿತಾಂಶ ಬಂದಿದ್ದು ಇದೇ ಅಧ್ಯಯನದಿಂದ. ಅಂಗಾಂಶ ಬೇಕಂದ್ರೆ ನಿಮ್ಹಾನ್ಸ್‌ನಲ್ಲಿ 1995ರಿಂದ ಬ್ರೈನ್ ಬ್ಯಾಂಕ್ ಇದೆ, ಎಥಿಕ್ಸ್ ಒಪ್ಪಿಗೆ ಪತ್ರ ಇಟ್ಕೊಂಡು ಕೇಳಬೇಕು. ಆ ಒಪ್ಪಿಗೆಗೆ ಈಗ್ಲೇ ಅರ್ಜಿ ಹಾಕಿ, ಗ್ರಾಂಟ್ ಬಂದಮೇಲೆ ನೋಡೋಣ ಅಂದ್ರೆ ಮೊದಲ ವರ್ಷ ಅದ್ರಲ್ಲೇ ಹೋಗತ್ತೆ.

ಒಂದು ಎಚ್ಚರ. ಹೊರಗಿನ ಡೇಟಾ ನೋಡಿ ಹೊರಗಿನವರ ಪ್ರಶ್ನೆನೇ ನಕಲು ಮಾಡ್ಬೇಡಿ. ಪಾರ್ಕಿನ್ಸನ್‌ಗೆ ಕಾರಣವಾಗಬಲ್ಲ ಎಲ್‌ಆರ್‌ಆರ್‌ಕೆ2 ಜೀನಿನ ಜಿ2019ಎಸ್ ಬದಲಾವಣೆ ಅಲ್ಲಿ ದೊಡ್ಡ ವಿಷ್ಯ, ನಮ್ಮ ರೋಗಿಗಳಲ್ಲಿ ತೀರಾ ಅಪರೂಪ. ಅದನ್ನೇ ಹುಡುಕ್ತೀನಿ ಅಂತ ಬರೆದ್ರೆ ಕಮಿಟಿಲಿರೋ ನ್ಯೂರಾಲಜಿಸ್ಟ್ ಪೆನ್ನು ಕೆಳಗಿಡ್ತಾರೆ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಪೋಸ್ಟ್‌ಡಾಕ್, ಮೂರನೇ ವರ್ಷ, ವೀಸಾ ಮೇಲಿದೀನಿ. ಇಲ್ಲೇ ಪ್ರಯತ್ನ ಮಾಡ್ಲಾ, ಊರಿಗೆ ಬರ್ಲಾ?
— ಒಬ್ಬ ಹಾಸನದ ಹುಡುಗ

ಉತ್ತರ: ಎರಡಕ್ಕೂ ಈಗ್ಲೇ ಬರೀಬೇಕಪ್ಪ, ನಿಮ್ಮ ಹತ್ರ ಟೈಮ್ ಕಮ್ಮಿ ಇದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನೆ ಸಂಸ್ಥೆ ಎನ್‌ಐಎಚ್, ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ಹೋಗೋರಿಗೆ ಕೊಡೋ ಕೆ99 ಅನ್ನೋ ಅವಾರ್ಡ್‌ಗೆ ಅಮೆರಿಕದ ಪೌರತ್ವ ಬೇಕಾಗಿಲ್ಲ, ಆದ್ರೆ ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು ಅನ್ನೋ ನಿಯಮದ ಮೇಲೆ ನಡ್ಕೊಂಡು ಬಂದಿದೆ. ಒಂದು ಸಲ ರಿಜೆಕ್ಟ್ ಆಗಿ ತಿದ್ದಿ ಹಾಕೋಕೂ ತಿಂಗಳುಗಳು ಬೇಕು, ಲೆಕ್ಕ ಹಾಕಿ. 2025ರಲ್ಲಿ ಎನ್‌ಐಎಚ್ ಮಂಜೂರಾದ ಗ್ರಾಂಟ್‌ಗಳನ್ನೇ ರದ್ದು ಮಾಡಿದ್ದು ಗೊತ್ತಲ್ಲ, ಹಾಗಾಗಿ ಅದೊಂದನ್ನೇ ನೆಚ್ಕೊಂಡು ಕೂರಬೇಡಿ. ಅಮೆರಿಕನ್ ಪಾರ್ಕಿನ್ಸನ್ ಡಿಸೀಸ್ ಅಸೋಸಿಯೇಶನ್, ಪಾರ್ಕಿನ್ಸನ್ಸ್ ಫೌಂಡೇಶನ್ ಎರಡೂ ಪೋಸ್ಟ್‌ಡಾಕ್ ಫೆಲೋಶಿಪ್ ಕೊಡ್ತವೆ, ಮೊತ್ತ ಸಣ್ಣದು, ಆದ್ರೆ ಸಿವಿಯಲ್ಲಿ ನಿಮ್ಮ ಹೆಸರಲ್ಲಿ ಬಂದ ಮೊದಲ ದುಡ್ಡು ಅನ್ನೋದಕ್ಕೆ ಬಾಸ್ ಗ್ರಾಂಟ್‌ಗಿಂತ ತೂಕ ಜಾಸ್ತಿ.

ವಾಪಸ್ ಬರೋದಾದ್ರೆ ಬಯೋಟೆಕ್ನಾಲಜಿ ಇಲಾಖೆಯ ರಾಮಲಿಂಗಸ್ವಾಮಿ ರೀ ಎಂಟ್ರಿ ಫೆಲೋಶಿಪ್ ಇದೆ, ಇಂಡಿಯಾ ಅಲಯನ್ಸ್‌ಗೂ ಅಲ್ಲಿಂದ್ಲೇ ಅರ್ಜಿ ಹಾಕಬಹುದು. ಇನ್ನೊಂದು ಮಾತು, ಇಲ್ಲಿಗೆ ಬಂದು ಅಮೆರಿಕದ ಫೌಂಡೇಶನ್ ದುಡ್ಡು ತರಿಸ್ಕೊಳ್ತೀನಿ ಅನ್ನೋ ಪ್ಲಾನ್ ಇದ್ರೆ, ಸೇರೋ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ವಿನಾಯಿತಿ ಇದೆಯಾ ಅಂತ ಸೇರೋ ಮುಂಚೆನೇ ಕೇಳಿ. ವಿದೇಶಿ ದುಡ್ಡಲ್ಲಿ ಆರೋಗ್ಯ ಸಂಶೋಧನೆ ಮಾಡೋಕೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗೆನೂ ಬೇಕು. ಹಾಗಂತ ಆಗದ ಕೆಲಸ ಏನಲ್ಲ. ಭಾರತದ ಪಾರ್ಕಿನ್ಸನ್ ರೋಗಿಗಳ ಜೀನ್ ಅಧ್ಯಯನಕ್ಕೆ ಫಾಕ್ಸ್ ಫೌಂಡೇಶನ್ ದುಡ್ಡು ಬಂದಿದೆ.

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ ಬಂದು ವರ್ಷಗಳಾದ್ವು. ನಮ್ಮ ಕೈಲಾದಷ್ಟು ಯಾರಾದ್ರೂ ಯುವ ವಿಜ್ಞಾನಿಗೆ ಕೊಡೋಣ ಅಂತ ಮನೇಲಿ ಮಾತಾಡ್ಕೊಂಡ್ವಿ. ಹೇಗೆ?
— ಹುಬ್ಬಳ್ಳಿಯ ಓದುಗರು

ಉತ್ತರ: ನೇರ ವಿಜ್ಞಾನಿ ಕೈಗೆ ಕೊಡ್ಬೇಡಿ, ಅವರಿಗೇ ತೊಂದರೆ. ಸಂಶೋಧನಾ ಸಂಸ್ಥೆಗಳಿಗೆ ದಾನ ತಗೊಳ್ಳೋ ವ್ಯವಸ್ಥೆ ಇರತ್ತೆ, ಯಾವುದಕ್ಕೆ ಖರ್ಚಾಗಬೇಕು ಅಂತ ಪತ್ರದಲ್ಲಿ ಬರೆದು ಕೊಡಬಹುದು. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಎದ್ದು ನಿಂತಿದ್ದೇ ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿಯಿಂದ. ಅಷ್ಟೆಲ್ಲ ಯಾರು ಕೊಡೋಕಾಗತ್ತೆ ಬಿಡಿ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಸಮ್ಮೇಳನಕ್ಕೆ ಹೋಗಿಬರೋ ಟಿಕೆಟ್ ಖರ್ಚು ಅಂತ ಹೆಸರಿಸಿ ಕೊಟ್ರೂ ಅದು ನೇರ ತಲುಪತ್ತೆ. ದುಡ್ಡಿಗಿಂತ ಹೆಚ್ಚು ಬೇಕಾದ್ದು ಇನ್ನೊಂದಿದೆ, ಅಪ್ಪ ಒಪ್ಪಿದ್ರೆ ನಿಮ್ಮ ನ್ಯೂರಾಲಜಿಸ್ಟ್ ಹತ್ರ ಯಾವ ಅಧ್ಯಯನಕ್ಕೆ ಈಗ ಜನ ಸೇರಿಸ್ಕೊಳ್ತಿದಾರೆ ಅಂತ ಕೇಳಿ. ರಕ್ತ ಕೊಡೋ ರೋಗಿಗಳು ಸಾಕಷ್ಟು ಸಿಗ್ದೇ ಗ್ರಾಂಟ್ ಅವಧಿ ಮುಗಿಸೋ ಕಿರಿಯರು ಬಹಳ ಜನ ಇದಾರೆ.

ಪ್ರಶ್ನೆ: ಗ್ರಾಂಟ್ ಮಂಜೂರಾಗಿದೆ ಅಂತ ಪತ್ರ ಬಂತು, ದುಡ್ಡು ಬಂದಿಲ್ಲ. ಜೆಆರ್‌ಎಫ್ (ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡೋ ಜೂನಿಯರ್ ರಿಸರ್ಚ್ ಫೆಲೋ) ತಗೊಳ್ಲಾ ಬೇಡ್ವಾ?
— ಕೆ., ಕಲಬುರಗಿ

ಉತ್ತರ: ಪತ್ರ ನಂಬ್ಕೊಂಡು ತಗೋಬೇಡಿ. ಜೆಆರ್‌ಎಫ್‌ಗೆ ತಿಂಗಳಿಗೆ 37,000 ಅಂತ 2023ರಿಂದ ಇದೆ, ದುಡ್ಡು ತಡವಾದ್ರೆ ಆ ಹುಡುಗಿ ಪಿಜಿ ಬಾಡಿಗೆ ಯಾರು ಕಟ್ತಾರೆ? ನಿಮ್ಮ ಸಂಸ್ಥೆ ಮುಂಗಡ ಕೊಟ್ಟು ಆಮೇಲೆ ಹೊಂದಿಸ್ಕೊಳ್ಳತ್ತಾ ಅಂತ ರಿಜಿಸ್ಟ್ರಾರ್ ಹತ್ರ ಬರವಣಿಗೆಲಿ ಕೇಳಿ, ಆಗತ್ತೆ ಅಂದ್ರೆ ತಗೊಳ್ಳಿ. ಆಮೇಲೆ ಯುಟಿಲೈಸೇಶನ್ ಸರ್ಟಿಫಿಕೇಟ್ (ಬಂದ ದುಡ್ಡು ಹೇಗೆ ಖರ್ಚಾಯ್ತು ಅನ್ನೋ ಲೆಕ್ಕದ ಪತ್ರ) ಕೆಲಸ ಮಾರ್ಚ್ ಕೊನೇ ವಾರಕ್ಕೆ ಬಿಡ್ಬೇಡಿ, ಎರಡನೇ ಕಂತು ನಿಂತುಹೋಗೋದು ಅಲ್ಲೇ. ಅಕೌಂಟ್ಸ್ ಸೆಕ್ಷನ್‌ನವರನ್ನ ಈಗ್ಲೇ ಪರಿಚಯ ಮಾಡ್ಕೊಳ್ಳಿ.