ಕಸಿ ಅದೇ, ಪರಿಮಳ ಬೇರೆ

ಪ್ರಶ್ನೆ: ಅಕ್ಕಾ, ಹತ್ತು ವರ್ಷದ ಹಿಂದೆ ಸಿದ್ದಾಪುರದ ನೆಂಟರ ಮನೆಯಿಂದ ಉಪ್ಪಿನಕಾಯಿಗೆ ಹಾಕುವ ಜೀರಿಗೆ ಅಪ್ಪೆಮಿಡಿ ಮಾವಿನ ಕಸಿ ಗಿಡ ತಂದು ದಾವಣಗೆರೆಯ ನಮ್ಮ ಹಿತ್ತಲಿನಲ್ಲಿ ನೆಟ್ಟೆ. ಮೂರು ವರ್ಷದಿಂದ ಕಾಯಿ ಬಿಡುತ್ತಿದೆ. ಆಕಾರ ಅದೇ, ಹುಳಿಯೂ ಅದೇ. ಆದರೆ ನೆಂಟರ ಮನೆಯ ಭರಣಿಯ ಬಾಯಿ ಬಿಚ್ಚಿದಾಗ ಬರುವ ಪರಿಮಳದ ಅರ್ಧವೂ ಇಲ್ಲ. ನನಗೆ ಬೇರೆ ಗಿಡ ಕೊಟ್ಟರೇ? ವೈನಿಗೆ ನೆಲದ ರುಚಿ ಇರುತ್ತದೆ ಎನ್ನುತ್ತಾರೆ. ಮಾವಿನಮಿಡಿಗೂ ಅದು ಉಂಟೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೆಂಟರ ಮೇಲೆ ಅನುಮಾನ ಬೇಡ. ಗೊರಟಿನಿಂದ ಎದ್ದ ಗಿಡವಾಗಿದ್ದರೆ ತಾಯಿಯ ಗುಣ ತಪ್ಪಿದೆ ಎನ್ನಬಹುದಿತ್ತು. ಕಸಿಯಲ್ಲಿ ಮೇಲಿನ ಕೊಂಬೆ ತಾಯಿ ಮರದ್ದೇ, ಬೇರು ಮಾತ್ರ ಇನ್ನೊಂದು ಮಾವಿನದು. ಹಾಗಾಗಿ ನಿಮ್ಮ ಹಿತ್ತಲಿನಲ್ಲಿರುವುದು ಜೀರಿಗೆ ಮಿಡಿಯೇ. ಅದು ಬಿಟ್ಟು ಬಂದದ್ದು ತನ್ನ ಹೊಳೆಯನ್ನು.

ನಾನು ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಮಿಡಿ ಮಾರುವವರು ಬುಟ್ಟಿ ಇಳಿಸಿದರೆ ನಮ್ಮ ದೊಡ್ಡಮ್ಮ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೋಡುತ್ತಿರಲಿಲ್ಲ. ಒಂದು ಮಿಡಿ ಎತ್ತಿ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಚಿಮ್ಮಿದ ಸೊನೆ ಬೆರಳಿಗೆ ತಾಗಿದರೆ ರಾತ್ರಿ ಊಟಕ್ಕೆ ಕುಳಿತಾಗಲೂ ಕೈಯಲ್ಲಿ ಜೀರಿಗೆಯ ವಾಸನೆ ಇರುತ್ತಿತ್ತು. ಒಮ್ಮೊಮ್ಮೆ ಕರ್ಪೂರದ್ದು. ‘ಹೊಳೆಸಾಲಿನದು’ ಎಂಬ ಮಾತು ಕಿವಿಗೆ ಬಿದ್ದು, ಮೂಗೂ ಅದನ್ನು ಒಪ್ಪಿತೆಂದರೆ ದೊಡ್ಡಮ್ಮ ಚೌಕಾಸಿ ಮಾಡುತ್ತಿರಲಿಲ್ಲ.

ಅಪ್ಪೆಮಿಡಿಯ ಜೀವವೆಲ್ಲ ಆ ಸೊನೆಯಲ್ಲಿದೆ. ಅದರಲ್ಲಿರುವ ಟರ್ಪೀನ್ ಎಂಬ ಸುವಾಸನೆಯ ದ್ರವ್ಯಗಳೇ ಉಪ್ಪುನೀರಿನಲ್ಲಿ ಬೆರೆತು ವರ್ಷಗಟ್ಟಲೆ ಭರಣಿಯಲ್ಲಿ ಉಳಿಯುತ್ತವೆ. ಇಂಥ ದ್ರವ್ಯಗಳನ್ನು ಗಿಡ ಎಷ್ಟು ಕೂಡಿಸಿಕೊಳ್ಳುತ್ತದೆ ಎಂಬುದು ತಳಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಬಿಸಿಲು, ನೀರು, ಮಣ್ಣು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಅಘನಾಶಿನಿ, ಶರಾವತಿ, ವರದಾ, ಬೇಡ್ತಿಯ ದಂಡೆಗಳಲ್ಲಿ ತಾವಾಗಿಯೇ ಬೆಳೆದ ಮರಗಳನ್ನು ನೆನೆದುಕೊಳ್ಳಿ. ಮಳೆಗಾಲದಲ್ಲಿ ಹೊಳೆ ತಂದು ಹಾಕಿದ ಗೋಡುಮಣ್ಣು ಬುಡದಲ್ಲಿ, ಮಿಡಿ ಕಚ್ಚುವ ಹೊತ್ತಿಗೂ ಬೇರಿಗೆ ಎಟುಕುವ ತೇವ, ಬೆಳಗಿನ ಇಬ್ಬನಿ, ಸುತ್ತಲೂ ಕಾಡು. ನಿಮ್ಮೂರಿನ ಒಣ ಗಾಳಿಯಲ್ಲಿ, ಕೊಳವೆಬಾವಿಯ ನೀರು ಕುಡಿದು ನಿಂತ ಮರ ಅದೇ ಸೊನೆಯನ್ನು ಕೊಡಬೇಕು ಎನ್ನುವುದು ಮರಕ್ಕೆ ಅನ್ಯಾಯ.

ಬೀಜ ಒಂದೇ ಆದರೂ ನೆಲ ರುಚಿಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟವಾದ ಉದಾಹರಣೆ ಈರುಳ್ಳಿ. ಅಮೆರಿಕದ ಜಾರ್ಜಿಯಾ ರಾಜ್ಯದ ಟೂಂಬ್ಸ್ ಕೌಂಟಿಯಲ್ಲಿ 1931ರಲ್ಲಿ ಮೋಸ್ ಕೋಲ್ಮನ್ ಎಂಬ ರೈತ ಈರುಳ್ಳಿ ಬೆಳೆದ. ಕಿತ್ತು ನೋಡಿದರೆ ಖಾರವೇ ಇಲ್ಲ, ಸಿಹಿ! ಈರುಳ್ಳಿಯ ಘಾಟು ಗಂಧಕದ ಸಂಯುಕ್ತಗಳಿಂದ ಬರುತ್ತದೆ, ಆ ಗಂಧಕವನ್ನು ಅದು ಮಣ್ಣಿನಿಂದಲೇ ಹೀರಬೇಕು. ಅಲ್ಲಿಯ ಮರಳು ಮಣ್ಣಿನಲ್ಲಿ ಗಂಧಕ ಬಹಳ ಕಡಿಮೆ. ಅದೇ ತಳಿಯನ್ನು ಗಂಧಕ ಹೆಚ್ಚಿರುವ ಹೊಲದಲ್ಲಿ ಹಾಕಿದರೆ ಹೆಚ್ಚುವವರ ಕಣ್ಣಲ್ಲಿ ನೀರು ತರಿಸುತ್ತದೆ. ವಿಡೇಲಿಯಾ ಎಂಬ ಹೆಸರಿನಲ್ಲಿ ಮಾರುವ ಈ ಸಿಹಿ ಈರುಳ್ಳಿಯನ್ನು ಎಲ್ಲಿ ಬೆಳೆದಿರಬೇಕು ಎಂದು ಆ ರಾಜ್ಯ 1986ರಲ್ಲಿ ಕಾನೂನನ್ನೇ ಮಾಡಿತು. ನಮ್ಮ ಅಪ್ಪೆಮಿಡಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಹೆಸರಿಗೆ ಸಿಕ್ಕ ರಕ್ಷಣೆ ಮರಕ್ಕೆ ಸಿಕ್ಕಿಲ್ಲ. ಮಿಡಿಗೆ ಬೆಲೆ ಬಂದ ಮೇಲೆ ಮರ ಹತ್ತಿ ಒಂದೊಂದೇ ಬಿಡಿಸುವ ತಾಳ್ಮೆ ಇಲ್ಲದವರು ಕೊಂಬೆಗಳನ್ನೇ ಕಡಿದು ಕೆಡವುತ್ತಾರೆ. ನೂರು ಮಳೆಗಾಲ ಕಂಡ ಮರ ಬೋಳಾಗಿ ನಿಂತಿರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಮರವನ್ನು ಮಾತ್ರ ಕಡಿಯಬೇಡಿ. ಇನ್ನೂ ಎಳೆಯದು. ಬುಡಕ್ಕೆ ದಪ್ಪಗೆ ದರಕು (ಒಣಗಿದ ಎಲೆ) ಹೊದಿಸಿ ತೇವ ಆರದಂತೆ ನೋಡಿಕೊಳ್ಳಿ. ಗೊರಟು ಬಲಿಯುವ ಮೊದಲೇ, ತೊಟ್ಟು ಉದ್ದ ಉಳಿಯುವಂತೆ ಮಿಡಿ ಕೊಯ್ಯಿರಿ. ಉಪ್ಪಿಗೆ ಹಾಕುವ ಗಳಿಗೆಯಲ್ಲಿ ಭರಣಿಯ ಮೇಲೆಯೇ ತೊಟ್ಟು ಮುರಿದರೆ ಇದ್ದಷ್ಟು ಸೊನೆಯಾದರೂ ಒಳಗೆ ಬೀಳುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಹಾಕಬೇಡಿ, ಒಂದು ಕೊಳೆತರೆ ಭರಣಿಯೇ ಹೋಯಿತು. ಪರಿಮಳ ಸಾಲದಿದ್ದರೆ ಉಪ್ಪಿನಕಾಯಿಯ ಆಸೆ ಬಿಟ್ಟು ಅಪ್ಪೆಹುಳಿ ಎಂಬ ಮಾವಿನ ತಿಳಿಸಾರು ಮಾಡಿ. ಅದಕ್ಕೆ ಹುಳಿ ಮುಖ್ಯ, ಆ ಹುಳಿ ನಿಮ್ಮ ಮರದಲ್ಲಿದೆ.

ಪ್ರಶ್ನೆ: ನಾವು ಮೂಡಿಗೆರೆಯ ಬೆಳೆಗಾರರು. ‘ಮಾನ್ಸೂನ್ಡ್ ಮಲಬಾರ್’ ಕಾಫಿಯ ರುಚಿ ಕರಾವಳಿಯದು ಎನ್ನುತ್ತಾರೆ. ಬೆಳೆದದ್ದು ಘಟ್ಟದ ಮೇಲೆ, ಹೆಸರು ಕರಾವಳಿಗೆ. ಇದು ಸರಿಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬೆಳೆದ ಶ್ರಮ ನಿಮ್ಮದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಆ ಹೆಸರು ಸರಿ ಎಂದೇ ನನ್ನ ಅಭಿಪ್ರಾಯ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾವನ್ನು ಸುತ್ತಿ ಯುರೋಪ್ ತಲುಪಲು ತಿಂಗಳುಗಳು ಹಿಡಿಯುತ್ತಿದ್ದವು. ದಾರಿಯುದ್ದಕ್ಕೂ ಸಮುದ್ರದ ತೇವ ಹೀರಿ ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳೂ ಬಂದವು, ಪ್ರಯಾಣ ಚಿಕ್ಕದಾಯಿತು. ಹಳೆಯ ರುಚಿಗೆ ಒಗ್ಗಿದ್ದ ಗಿರಾಕಿಗಳಿಗೆ ಹೊಸ ಕಾಫಿ ಹಿಡಿಸಲಿಲ್ಲ. ಹಡಗಿನಲ್ಲಿ ಆಗುತ್ತಿದ್ದುದನ್ನು ದಡದಲ್ಲೇ ಮಾಡತೊಡಗಿದ್ದು ಆಮೇಲೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಂಥ ಊರುಗಳ ಗಾಳಿಯಾಡುವ ಗೋದಾಮುಗಳಲ್ಲಿ ಬೀಜ ಹರಡುತ್ತಾರೆ, ಆಗಾಗ ಕೈಯಾಡಿಸುತ್ತಾರೆ. ಆಮೇಲೆ ಸಡಿಲವಾಗಿ ಚೀಲಗಳಿಗೆ ತುಂಬಿ, ನಡುನಡುವೆ ಗಾಳಿ ಹಾಯುವಂತೆ ಜೋಡಿಸುತ್ತಾರೆ. ಕಾಫಿಯ ಹುಳಿ ಇಳಿದು ಮಣ್ಣಿನ ಘಮದ, ದಪ್ಪನೆಯ ರುಚಿ ಬರುತ್ತದೆ. ಬಯಲುಸೀಮೆಯಲ್ಲಿ ಆ ಮುಂಗಾರು ಗಾಳಿಯನ್ನು ಯಾರು ತಂದುಕೊಟ್ಟಾರು?

ಪ್ರಶ್ನೆ: ಅಂಗಡಿಯಲ್ಲಿ ಬ್ಯಾಡಗಿ ಎಂದು ಕೊಡುವ ಮೆಣಸಿನಕಾಯಿ ಒಮ್ಮೊಮ್ಮೆ ವಿಪರೀತ ಖಾರ. ಮೋಸವೇ?
– ಗೃಹಿಣಿ, ಮೈಸೂರು

ಉತ್ತರ: ಪ್ರತಿ ಸಲವೂ ಮೋಸವೆನ್ನಲಾರೆ. ಬ್ಯಾಡಗಿ ಒಂದು ತಳಿಯ ಹೆಸರೂ ಹೌದು, ದೊಡ್ಡ ಮಾರುಕಟ್ಟೆಯ ಹೆಸರೂ ಹೌದು. ಆ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು ಕಡೆಯ ಕಾಯಿಯೂ, ಬೇರೆ ತಳಿಗಳೂ ಬರುತ್ತವೆ. ನಿಜವಾದ ಬ್ಯಾಡಗಿಯ ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಸೌಮ್ಯ. ಗಿಡ್ಡಗೆ ಉಬ್ಬಿದ್ದು ಡಬ್ಬಿ, ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. ನಾನು ಎರಡು ಕಾಯಿ ತಂದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಅರೆಯುತ್ತೇನೆ. ಕಲ್ಲಿಗೆಲ್ಲ ಕೆಂಪು ಹತ್ತಬೇಕು, ನಾಲಿಗೆಗೆ ಇಟ್ಟರೆ ಮೊದಲು ಸಿಹಿಯ ಛಾಯೆ ಬಂದು ಆಮೇಲೆ ಖಾರ ತಿಳಿಯಬೇಕು. ಕಿಲೋಗಟ್ಟಲೆ ಕೊಳ್ಳುವ ಮುನ್ನ ನೀವೂ ಹೀಗೆ ಮಾಡಿ. ಅಂಗಡಿಯವರನ್ನು ‘ಬ್ಯಾಡಗಿಯೇ?’ ಎಂದು ಕೇಳುವ ಬದಲು ‘ಯಾವ ಕಡೆಯ ಹೊಲದ್ದು?’ ಎಂದು ಕೇಳಿ.